ಮರಿಯ ಫೋಟೋದಲ್ಲಿ ಆಯಿ

ಹಸಿ ಗೋಧಿಹಿಟ್ಟಿನ ವಾಸನೆ ಬಂದರೆ ಸಾಕು, ಮೋರಟಗಿಯ ನಮ್ಮ ಅಂಗಳದ ಒಂದು ಬೇಸಿಗೆಯ ಮುಂಜಾನೆ ಇಡಿಯಾಗಿ ಎದ್ದು ಬರುತ್ತದೆ. ಎಂದಿನಂತೆ ಬಿಸಿಲು ಏರುವ ಮೊದಲೇ ಅವ್ವ ಅಂಗಳಕ್ಕೆ ನೀರು ಹೊಡೆದಿದ್ದಳು. ಕಾಕು, ಅಂದರೆ ನಮ್ಮ ಚಿಕ್ಕಮ್ಮ, ಮಣೆಯ ಮೇಲೆ ಕೂತು ಶಾವಿಗೆ ಹೊಸೆಯುತ್ತಿದ್ದಳು. ಅಪ್ಪನ ತಾಯಿ, ನಮ್ಮ ಆಯಿ, ಆ ಎಳೆಗಳನ್ನು ಕೋಲಿನ ಮೇಲೆ ಇಳಿಬಿಟ್ಟು ಒಣಹಾಕುತ್ತ, ಕಾಲಿಗೆ ತೊಡರುವ ಆಡಿನ ಮರಿಯನ್ನು ಬೈಯುತ್ತಿದ್ದಳು. ನಿಮ್ಮ ಮನೆಯ ಬೇಸಿಗೆಯೂ ಹೆಚ್ಚುಕಡಿಮೆ ಹೀಗೇ ಇದ್ದಿರಬೇಕು.

ನಾನಾಗ ವಿಜಾಪುರದ ಕಾನ್ವೆಂಟಿನಲ್ಲಿ ಎಂಟನೆಯ ಇಯತ್ತೆ. ಊರಿಗೆ ಬಂದಿದ್ದ ಕಾಕಾ ತನ್ನ ಕ್ಯಾಮೆರಾ ನನ್ನ ಕೈಗಿತ್ತು, ರೀಲು ಮುಗಿಯುವ ತನಕ ನಿನ್ನದೇ ಅಂದಿದ್ದ. ಬೇವಿನ ಹೂ ಉದುರಿ ಬೆಳ್ಳಗಾದ ಬಾವಿಕಟ್ಟೆ, ಬಾನಿಯ ಅಂಚಿನಲ್ಲಿ ಕೂತು ನೀರು ಕುಡಿಯುವ ಕಾಗೆ, ಮಾವಿನ ಗೊಟ್ಟ ಚೀಪುತ್ತ ಮೊಣಕೈವರೆಗೂ ರಸ ಸುರಿಸಿಕೊಂಡ ತಮ್ಮ, ನೆರಳು ಸರಿದಂತೆ ತಾನೂ ಸರಿದು ಮಲಗುವ ನಾಯಿ ಮೋತಿ, ಎಲ್ಲರದೂ ಆಯಿತು. ಆಯಿಯದು ಮಾತ್ರ ಆಗಲಿಲ್ಲ. ಹುಟ್ಟಿದಾಗಿನಿಂದ ಅವಳದೊಂದು ಫೋಟೋ ಕೂಡ ಇರಲಿಲ್ಲ. ನಮ್ಮ ಮನೆಯಲ್ಲಿ ಫೋಟೋ ಅಂದರೆ ಪಡಸಾಲೆಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡವರದು, ತೀರಿಹೋದವರದು. ಕ್ಯಾಮೆರಾ ಕಂಡರೆ ಅವಳು ಸೆರಗು ಎಳೆದುಕೊಂಡು, "ನಾ ಗ್ವಾಡಿಗೆ ಏರೂದು ಇನ್ನೂ ತಡಾ ಐತಿ, ಸರಿ ಅತ್ಲಾಗ" ಅನ್ನುವಳು.

ಅಂದು ರೀಲಿನಲ್ಲಿ ಉಳಿದದ್ದು ಒಂದೇ ಫೋಟೋ. ಮಧ್ಯಾಹ್ನದ ಸಿಂದಗಿ ಬಸ್ಸಿಗೆ ಕಾಕಾನೂ ಕ್ಯಾಮೆರಾವೂ ಹೊರಡುವುದಿತ್ತು. ಸುಳ್ಳು ಹೇಳಬಾರದೆಂದು ಸಿಸ್ಟರ್ ಕಲಿಸಿದ್ದನ್ನು ಗಟ್ಟಿಯಾಗಿ ನಂಬಿದ್ದ ಹುಡುಗಿ ನಾನು. ಆದರೂ ಹೇಳಿದೆ.

"ಆಯಿ, ಮರೀದಷ್ಟ ತೆಗೀತೇನಿ. ಓಡತೈತಿ, ಒಂದೀಟು ಹಿಡಕೊ."

"ಬರೇ ಮರೀದು ಮತ್ತ. ನನ್ನ ಮಾರಿ ಬಂತಂದ್ರ ನಿನಗ ಈ ವರ್ಷ ಹಾಲು-ಶಾವಿಗಿ ಇಲ್ಲ ನೋಡ."

ಮರಿಯನ್ನು ಎದೆಗವಚಿಕೊಂಡು ನಿಂತಳು. ಅದು ಕೊರಳು ಚಾಚಿ ಕೋಲಿನ ಮೇಲಿನ ಶಾವಿಗೆಯನ್ನೇ ಬಾಯಿಗೆ ಎಳೆದುಕೊಂಡಿತು. ಬೈಯಲು ಬಾಯಿ ತೆರೆದ ಆಯಿ ನಕ್ಕುಬಿಟ್ಟಳು. ಗುಂಡಿ ಒತ್ತಿದೆ. ಒಳಗೆ ರೀಲು ಗರ್ರನೆ ಹಿಂದಕ್ಕೆ ಸುತ್ತಿಕೊಂಡಿತು. ವರ್ಗಕ್ಕೆ ಮೊದಲು ಬಂದಾಗಲೂ ನನಗೆ ಅಂಥ ಹಿಗ್ಗು ಆಗಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಫೋಟೋ ಬಂತು. ಆಯಿ ಅದನ್ನು ಕೈಯುದ್ದ ದೂರ ಹಿಡಿದು ನೋಡಿ, ಮರಿ ಚೊಲೋ ಬಂದೈತಿ ಅಂದಳು, ಅಷ್ಟೇ. ಎಷ್ಟೋ ವರ್ಷದ ಮೇಲೆ ಅವಳು ಹೋದಾಗ, ಸ್ಟುಡಿಯೋದವರು ಮರಿಯನ್ನು ತೆಗೆದುಹಾಕಿ, ಹಿಂದೆ ನೀಲಿ ಬಣ್ಣ ಕೊಟ್ಟು ದೊಡ್ಡದು ಮಾಡುತ್ತೇವೆಂದರು. ನಾನು ಬಿಡಲಿಲ್ಲ. ಆ ಅಂಗಳ ಈಗಿಲ್ಲ, ಬೇವಿಲ್ಲ, ಕಾಕುವಿನ ಶಾವಿಗೆ ಹೊಸೆಯುವ ಕೈಯೂ ಇಲ್ಲ. ಮುದ್ದೇಬಿಹಾಳದ ನನ್ನ ಅಡುಗೆಮನೆಯಲ್ಲಿ, ಚಹಾಪುಡಿ ಡಬ್ಬಿಯ ಪಕ್ಕದಲ್ಲಿ, ಆಯಿ ಇಂದಿಗೂ ಮರಿಯನ್ನು ಎತ್ತಿಕೊಂಡು ನಗುತ್ತಾಳೆ. ಹಾರ ಹಾಕಿಲ್ಲ.

ಅವಳಿಗೆ ತಿಳಿಯದಂತೆ ಕದ್ದು ಗೆದ್ದೆನೆಂದು, ಫೋಟೋ ತೆಗೆದ ಆ ದಿನವಿಡೀ ಬೀಗುತ್ತ ಓಡಾಡಿದೆ. ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಗೌರಕ್ಕ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಬಟ್ಟಲು ಹಿಡಿದು ಹೊಸ್ತಿಲು ದಾಟುತ್ತ, ಸುಮ್ಮನೆ ಅಂದಳು: "ಇವತ್ತ ನಸುಕಿನ್ಯಾಗ ನಿಮ್ಮ ಆಯಿ ನಮ್ಮ ಮನಿಗೆ ಬಂದು, ಕನ್ನಡಿ ಮುಂದ ಕುಂತು ತಲಿ ಹಿಕ್ಕಿಸ್ಕೊಂಡು ಹೋದ್ರು. ಎಲ್ಲಿಗರ ಹೊಂಟಿದ್ರೇನ ತಂಗಿ?"