ದಿಂಬಿಗೆ ಉಸಿರು

ಶಹಜಾದಿ ಮಂಡಕ್ಕಿ ಹುರಿಯುವ ಭಟ್ಟಿಯ ಕೆಲಸ ಬಿಟ್ಟು ವರ್ಷಗಳಾಗಿದ್ದವು. ಭಟ್ಟಿಯ ಹೊಗೆ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಉಸಿರು ಸಿಕ್ಕಿಕೊಂಡು ಎರಡು ಸಲ ಆಸ್ಪತ್ರೆ ಸೇರಿ ಬಂದ ಮೇಲೆ ನಿಟ್ಟುವಳ್ಳಿಯ ಮನೆಗೆ ಆಕ್ಸಿಜನ್ ಮಷೀನು ಬಂತು. ಯಾವುದೋ ಟ್ರಸ್ಟಿನವರು ಎರವಲು ಕೊಟ್ಟದ್ದು. ದಿನದ ಹೆಚ್ಚಿನ ಹೊತ್ತು ಮೂಗಿಗೆ ಪೈಪು ಇರಬೇಕು. ಬಳಸದಿದ್ದರೆ ಮಷೀನು ಬೇರೆ ರೋಗಿಯ ಪಾಲು. ಎಷ್ಟು ತಾಸು ಓಡಿತೆಂದು ಅದರ ಮೀಟರೇ ತೋರಿಸುತ್ತಿತ್ತು.

ಪೈಪು ಮಂಚದಿಂದ ಅಡುಗೆಮನೆಯ ಹೊಸ್ತಿಲವರೆಗೆ ಬರುತ್ತಿತ್ತು. ಆಕ್ಸಿಜನ್ನಿಗೆ ಬೆಂಕಿ ಭಗ್ಗನೆ ಹತ್ತಿಕೊಳ್ಳುತ್ತದೆ, ಅದನ್ನು ಒಲೆಯ ಹತ್ತಿರ ತರಲೇಬಾರದೆಂದು ವಾಣಿಶ್ರೀ ಖಡಕ್ಕಾಗಿ ಹೇಳಿದ್ದಳು. ಎಂ.ಸಿ.ಸಿ. ಬಡಾವಣೆಯ ಕ್ಲಿನಿಕ್ಕಿನಿಂದ ಸ್ಕೂಟಿಯಲ್ಲಿ ಬಂದು ಇಂಥ ರೋಗಿಗಳನ್ನು ವಿಚಾರಿಸಿಕೊಂಡು ಹೋಗುವುದು ಅವಳ ಕೆಲಸ.

ಆದರೆ ಮಗ ಬಿಲಾಲ್ ಹರಿಹರದ ಕೆಲಸಕ್ಕೆ ಹೊರಡುವುದರೊಳಗೆ ಬುತ್ತಿ ಆಗಬೇಕು. ಗಂಡ ಹುಸೇನ್ ಸಾಬ್ ಗಾದಿ ಅಂಗಡಿಯಿಂದ ಊಟಕ್ಕೆ ಬಂದಾಗ ರೊಟ್ಟಿ ಹಂಚಿನ ಮೇಲಿರಬೇಕು. ಮೊದಲೇ ಮಾಡಿ ಡಬ್ಬಿಯಲ್ಲಿಟ್ಟದ್ದು ಅವನ ಗಂಟಲಲ್ಲಿ ಇಳಿಯದು. ಹಾಗಾಗಿ ಶಹಜಾದಿ ಪೈಪು ಬಿಚ್ಚಿ ದಿಂಬಿನ ಮೇಲಿಡುತ್ತಿದ್ದಳು. ಮಷೀನು ಆಫ್ ಮಾಡುತ್ತಿರಲಿಲ್ಲ. ಆಫ್ ಮಾಡಿದರೆ ಮೀಟರು ನಿಲ್ಲುತ್ತದಲ್ಲ! ಅದು ಗೊರ್ ಎನ್ನುತ್ತ ದಿಂಬಿಗೆ ಉಸಿರು ಕೊಡುತ್ತಿತ್ತು, ಅವಳು ಏದುಸಿರು ಬಿಡುತ್ತ ರೊಟ್ಟಿ ಬಡಿಯುತ್ತಿದ್ದಳು.

"ಮಷೀನ್ ಚಲೋ ಓಡೈತೆ ಅಮ್ಮಾರ, ಮತ್ತೆ ಕಾಲು ಯಾಕ ಹಿಂಗ ಬಾತಾವು?" ಎಂದು ವಾಣಿಶ್ರೀ ಕೇಳಿದರೆ, ಹುಸೇನ್ ಸಾಬನೇ ಉತ್ತರ ಕೊಡುತ್ತಿದ್ದ: "ಕೂತಲ್ಲಿ ಕೂರಲ್ರಿ ಮೇಡಂ. ಹಠಮಾರಿ."

ಒಂದು ದಿನ ವಾಣಿಶ್ರೀ ಬೆಳಿಗ್ಗೆಯೇ ಬಂದುಬಿಟ್ಟಳು. ಮಂಚ ಖಾಲಿ. ಪೈಪು ದಿಂಬಿನ ಮೇಲೆ.

"ಏನ್ ಅಮ್ಮಾರ, ದಿಂಬಿಗೂ ದಮ್ಮಾ?"

ಶಹಜಾದಿ ಹಿಟ್ಟಿನ ಕೈಯಲ್ಲೇ ಅವಳ ಕೈ ಹಿಡಿದುಕೊಂಡಳು. "ಮಷೀನ್ ಒಯ್ಯಬ್ಯಾಡ್ರಿ. ರಾತ್ರಿ ಅದೇ ನನ್ನ ಜೀವ."

ವಾಣಿಶ್ರೀ ಗಂಡಸರಿಬ್ಬರನ್ನೂ ಕೂಡಿಸಿಕೊಂಡಳು. "ಒಲೆ ಕೆಲಸ ಇನ್ನು ನಿಮ್ದು."

"ನಮ್ ಕೈಗೆ ರೊಟ್ಟಿ ಎಲ್ಲಿ ಬರ್ತಾವ್ರಿ?" ಹುಸೇನ್ ಸಾಬ್ ನಕ್ಕ.

"ಗಾದಿ ಹೊಲಿಯೋ ಕೈಗೆ ಹಿಟ್ಟು ನಾದಾಕ ಬರಲ್ಲೇನು?"

"ನಾನೊಂದು ದಾರಿ ಮಾಡ್ತೀನಿ ಬಿಡ್ರಿ ಅಕ್ಕಾ," ಅಂದ ಬಿಲಾಲ್.

ಅವಳು ಮತ್ತೆ ಬಂದಾಗ ದಾರಿ ಆಗಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಹೊಸ ಕರೆಂಟ್ ಒಲೆ. ಹಿಟ್ಟಿನ ಡಬ್ಬಿ, ಬೆಳ್ಳುಳ್ಳಿ ಬುಟ್ಟಿ, ಎಣ್ಣೆ ಗಿಂಡಿ, ಎಲ್ಲವೂ ಪೈಪಿನ ಅಳತೆಯೊಳಗೆ ಬಂದು ಕೂತಿದ್ದವು. ನಡುವೆ ಶಹಜಾದಿ, ಮೂಗಿಗೆ ಪೈಪು ಹಾಕಿಕೊಂಡು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು.

"ಬೆಂಕಿನೇ ಇಲ್ಲ ನೋಡ್ರಿ! ಅಮ್ಮ ಇನ್ನು ಪೈಪ್ ತೆಗೆಯೋದೇ ಬ್ಯಾಡ," ಎಂದು ಬಿಲಾಲ್ ಬೀಗಿದ.

"ಕಾದ ಹಂಚು, ಕಾದ ಎಣ್ಣೆನೂ ಪೈಪಿನ ಹತ್ರ ಬರಬಾರದು," ಎಂದಳು ವಾಣಿಶ್ರೀ. "ಒಳಗ ಒಯ್ಯಿರಿ ಅದನ್ನ."

ಬಿಲಾಲ್ ಮುಖ ಸಣ್ಣದು ಮಾಡಿಕೊಂಡು ಒಲೆ ಎತ್ತಿದ.

"ಹಂಗಾದ್ರೆ ಇವತ್ತಿನ ರೊಟ್ಟಿ?" ಎಂದ ಹುಸೇನ್ ಸಾಬ್. ಕೇಳಿದ್ದು ವಾಣಿಶ್ರೀಯನ್ನು ನೋಡಿ ಅಲ್ಲ, ಮಂಚವನ್ನು ನೋಡಿ.

ಶಹಜಾದಿಯ ಕೈ ತಾನಾಗಿ ಕಿವಿಯ ಹಿಂದಕ್ಕೆ, ಪೈಪಿನ ಕುಣಿಕೆಗೆ ಹೋಯಿತು. "ಅಮ್ಮಾರ," ಎಂದಳು ವಾಣಿಶ್ರೀ. ಕೈ ಅಲ್ಲೇ ನಿಂತಿತು.

ಸ್ಕೂಟಿಯ ಸದ್ದು ಗಲ್ಲಿ ದಾಟಿತು. ರೊಟ್ಟಿಗೆಂದು ಯಾರೂ ಏಳಲಿಲ್ಲ. ಶಹಜಾದಿ ಪೈಪು ಬಿಚ್ಚಿದಳು. ಈ ಸಲ ದಿಂಬಿನ ಮೇಲಿಡದೆ ಮೊಳೆಗೆ ಸಿಕ್ಕಿಸಿ, ಮಷೀನನ್ನೂ ಆಫ್ ಮಾಡಿ, ಮೀಟರು ನಿಂತದ್ದನ್ನು ನೋಡಿ ಅಡುಗೆಮನೆಗೆ ನಡೆದಳು.

ಗೊರ್ ಸದ್ದು ನಿಂತಾಗ ಅಪ್ಪ ಮಗ ಇಬ್ಬರೂ ಬೆಚ್ಚಿ ಮೊಬೈಲಿನಿಂದ ತಲೆಯೆತ್ತಿದರು.

"ಕರೆಂಟ್ ಹೋಯ್ತೇನು?" ಅಂದ ಹುಸೇನ್ ಸಾಬ್.