ವರ್ಜೀನಿಯಾಕ್ಕೆ ಬನ್ನಿ ಎಂದ ನನ್ನ ಗಂಡ

ಚೋವಾ ಚು ಕಾಂಗ್ ಬಡಾವಣೆಯ ನಮ್ಮ ಮನೆಯಲ್ಲಿ ಸಿಂಗಪುರವನ್ನು ಬೈಯುವಂತಿರಲಿಲ್ಲ. ಸರ್ಕಾರ ಸಂಬಳ ಕೊಡದಿದ್ದರೂ ನನ್ನ ಗಂಡ ಈ ದ್ವೀಪದ ಖಾಯಂ ವಕೀಲರು. ಮೈಸೂರಿನಿಂದ ಯಾರು ಫೋನ್ ಮಾಡಿದರೂ ಗಾಳಿ, ನೀರು, ರಸ್ತೆಗಳನ್ನು ಹೊಗಳಿ, "ಯೋಚ್ನೆ ಮಾಡ್ಬೇಡಿ, ಬಂದ್ಬಿಡಿ" ಎನ್ನುತ್ತಿದ್ದರು.

ಹಾಗೆ ನಂಬಿ ಬಂದವರು ನನ್ನ ತಂಗಿ ಮತ್ತು ಅವಳ ಗಂಡ. ಅವನಿಗೆ ಇಲ್ಲಿನ ಸೆಲೆಟಾರ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿಯ ಕೆಲಸ. ಬಾಡಿಗೆಗೆ ಸಿಕ್ಕಿದ್ದು ಒಂದೇ ರೂಮು. ಅಡುಗೆ ಮಾಡಕೂಡದೆಂದು ಮನೆಯೊಡತಿಯ ಷರತ್ತು. ಬಂದ ತಿಂಗಳಲ್ಲೇ ಕಾಡಿನ ಬೆಂಕಿಯ ಹೊಗೆ ಊರನ್ನೆಲ್ಲ ಮುಚ್ಚಿತು. ಮಾಸ್ಕ್ ಹಾಕಿಕೊಂಡು ಕೆಮ್ಮುತ್ತಿದ್ದ ತಂಗಿಗೆ ನನ್ನವರು, "ಇದು ನಮ್ಮ ಹೊಗೆ ಅಲ್ಲಮ್ಮ, ಪಕ್ಕದ ದೇಶದ್ದು" ಎಂದು ಸಮಾಧಾನ ಹೇಳಿದರು.

ಒಂದು ಭಾನುವಾರ ಅವರಿಬ್ಬರೂ ಊಟಕ್ಕೆ ಬಂದಾಗ ಮಗಳು ಹಿಸ್ಟರಿ ಹೋಮ್‌ವರ್ಕ್ ಹಿಡಿದು ಕೂತಿದ್ದಳು. ನಾನೂರು ವರ್ಷಗಳ ಹಿಂದಿನ ಇಂಗ್ಲೆಂಡಿನ ಜನರನ್ನು ಅಮೆರಿಕದ ವರ್ಜೀನಿಯಾ ವಸಾಹತಿಗೆ ಕರೆಯುವ ಕರಪತ್ರ ಬರೆಯಬೇಕಿತ್ತು. ಆ ಜಾಗಕ್ಕೆ ಬಂದಿದ್ದ ಕೆಟ್ಟ ಹೆಸರನ್ನೂ ತೊಳೆಯಬೇಕಿತ್ತು.

"ಅಪ್ಪಾ, ಅಲ್ಲಿ ಜನ ಸಾಯ್ತಿದ್ರು ಲಾ. ಹೇಗೆ ಕನ್ವಿನ್ಸ್ ಮಾಡೋದು?" ಎಂದಳು, ಸಿಂಗಪುರದವರ 'ಲಾ' ಸೇರಿಸಿ.

"ಬರ್ಕೋ" ಎಂದು ನನ್ನವರು ಶುರುಮಾಡಿದರು. ಗಾಳಿ ಆರೋಗ್ಯಕ್ಕೆ ಬಹಳ ಒಳ್ಳೆಯದು. ಮೊದಲ ಬೇಸಿಗೆ ಕಷ್ಟ, ಆಮೇಲೆ ಒಗ್ಗುತ್ತದೆ. ದೂರುವವರೆಲ್ಲ ಮೈಗಳ್ಳರು, ವಾಪಸ್ ಹೋಗಿ ಕತೆ ಕಟ್ಟುತ್ತಾರೆ. ಅಲ್ಲಿ ಮೊದಲೇ ಇದ್ದ ಜನರ ಬಗ್ಗೆ ಏನು ಬರೆಯಲಿ ಎಂದು ಮಗಳು ಕೇಳಿದಳು. "ಅದು ಬಿಡು, ಜಾಗ ಸಾಲಲ್ಲ" ಎಂದರು.

ತಂಗಿ ತಟ್ಟೆ ಕೆಳಗಿಟ್ಟಳು. "ಭಾವ, ಇದನ್ನೇ ನಮಗೂ ಕಳ್ಸಿದ್ರಿ. ವಾಟ್ಸ್ಯಾಪ್‌ನಲ್ಲಿ ಇನ್ನೂ ಇದೆ, ತೋರಿಸ್ಲಾ?"

ಅವಳ ಗಂಡ ನಕ್ಕ. ನನ್ನವರು ನಗಲಿಲ್ಲ. "ನಾನೇನು ಸುಳ್ಳು ಹೇಳಿದ್ನಾ?"

"ಅಡುಗೆ ಮಾಡಂಗಿಲ್ಲ ಅಂತ ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ!"

ಅವಳು ನನ್ನತ್ತ ತಿರುಗಿದಳು. "ಅಕ್ಕ, ನಿಂಗೆ ಗೊತ್ತಿತ್ತಾ?"

ಗೊತ್ತಿತ್ತು. ಅವರಿಗಾಗಿ ರೂಮು ನೋಡಿ ಬಂದವಳೇ ನಾನು. ಹೇಳಿದ್ದರೆ ಅವಳು ಬರುತ್ತಿರಲಿಲ್ಲ. ನನಗೆ ತಂಗಿ ಹತ್ತಿರ ಬೇಕಿತ್ತು. ಗಂಡನ ಬಾಯಿಬಡುಕತನವನ್ನು ಅಷ್ಟು ದಿನ ಆಡಿಕೊಂಡವಳು, ಬಾಯಿ ಮುಚ್ಚಿಕೊಂಡೇ ಅವರಿಗಿಂತ ಚೆನ್ನಾಗಿ ಕೆಲಸ ಮುಗಿಸಿದ್ದೆ. "ಹ್ಞೂಂ" ಎಂದೆ.

ಮಗಳಿಗೆ ಒಳ್ಳೆಯ ಮಾರ್ಕ್ಸ್ ಬಂತು. ನನ್ನವರು ಆ ಕರಪತ್ರದ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದರು. ತಂಗಿ ಮೂರು ವಾರ ನಮ್ಮ ಕಡೆ ಸುಳಿಯಲಿಲ್ಲ. ಆಮೇಲೊಂದು ಸಂಜೆ ಬಂದು, ಬೇರೆ ಮನೆಗೆ ಶಿಫ್ಟ್ ಆಗುತ್ತಿದ್ದೇವೆ ಎಂದಳು.

"ನೋಡೋಕೆ ನಾನೂ ಬರ್ಲಾ?" ಎಂದೆ.

"ಬೇಡಕ್ಕ" ಎಂದಳು. "ಈ ಸಲ ನಾವೇ ನೋಡ್ಕೋತೀವಿ."