ಹೆಬ್ಬೂರಿನಲ್ಲಿ ನಿಲ್ಲದ ಕಾರು

ನಮ್ಮ ಕಾರಿನ ಸೀಟಿನ ಹಿಂದೆ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಎಣ್ಣೆ ತುಂಬಿಕೊಂಡು ಮನೆಗೆ ಬಂದದ್ದು, ಎಣ್ಣೆ ಮುಗಿದ ಮೇಲೆ ನೀರಿನ ಸೇವೆಗೆ ನಿಂತದ್ದು. ಬೇರೆಯವರು ಪ್ರಯಾಣ ಹೊರಡುವಾಗ ಕನ್ನಡಕ, ಬೀಗದಕೈ ಎಂದು ತಡಕಾಡಿದರೆ ನಾವು ಮೊದಲು ಆ ಡಬ್ಬಿಯನ್ನು ಅಲುಗಾಡಿಸಿ ನೋಡುತ್ತಿದ್ದೆವು. ಇದನ್ನು ಕಾರೆನ್ನಬೇಕೋ ಕಲಗಚ್ಚಿಗೆ ಕಾಯುವ ಎಮ್ಮೆ ಎನ್ನಬೇಕೋ, ನೀವೇ ಹೇಳಿ.

ಕಾರು ಇಂಗ್ಲೆಂಡಿನದು, ಎರಡೇ ಸೀಟಿನದು, ಮೇಲೆ ಸೂರಿಲ್ಲದ್ದು, ವೇಗದ ಚಪಲಕ್ಕೆಂದೇ ಹುಟ್ಟಿದ್ದು. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡಿದ್ದ ನಮ್ಮಪ್ಪನಿಗೆ ಅದು ಯಾಕೆ ಬೇಕಿತ್ತು ಎಂದು ಅಮ್ಮ ಕೊನೆಯವರೆಗೂ ಕೇಳುತ್ತಿದ್ದಳು. ಏಳು ಜನರ ಸಂಸಾರಕ್ಕೆ ಎರಡು ಸೀಟಿನ ಕಾರು ತಂದವನ ಬಳಿ ಉತ್ತರವಾದರೂ ಎಲ್ಲಿಂದ ಬರಬೇಕು! ಅದರ ರೇಡಿಯೇಟರಿನ ಮುಚ್ಚಳ ಹೆಸರಿಗಷ್ಟೇ ಮುಚ್ಚಳ. ಒಳಗಿನ ನೀರಿಗೂ ಹೊರಗಿನ ಗಾಳಿಗೂ ನಡುವೆ ಒಂದು ಸಣ್ಣ ಕೊಳವೆ ಸದಾ ಬಾಯಿ ತೆರೆದುಕೊಂಡಿರುತ್ತಿತ್ತು. ಎಂಜಿನ್ ಕಾದರೆ ನೀರು ಕುದಿಯುತ್ತದೆ, ಕುದ್ದ ನೀರು ಆ ಕೊಳವೆಯಿಂದ ಆವಿಯಾಗಿ ಹೊರಟುಹೋಗುತ್ತದೆ, ಹೋದಷ್ಟನ್ನೂ ನಾವು ತಿರುಗಿ ಸುರಿಯಬೇಕು. ಮಾಡಿದವರ ಊರಿನ ಚಳಿಗೆ ಅದು ಸರಿಯೇ ಇತ್ತೇನೋ. ನಮ್ಮ ಏಪ್ರಿಲ್ ತಿಂಗಳನ್ನು ಅವರು ಕಂಡವರಲ್ಲ.

ಆದ್ದರಿಂದ ನಮಗೆ ಎಲ್ಲ ದಾರಿಯಲ್ಲೂ ನೀರಿನ ನಂಟರಿದ್ದರು. ಹಾಗಲವಾಡಿ ಕಡೆಗೆ ಹೋದರೆ ಒಂದು ತೋಟದ ಮನೆ, ತುಮಕೂರಿನ ದಾರಿಯಲ್ಲಿ ಒಂದು ಟೀ ಅಂಗಡಿ. ನಮ್ಮ ಕಾರಿನ ಹಬೆ ಕಂಡೊಡನೆ ಬಿಂದಿಗೆ ಎತ್ತಿಕೊಂಡೇ ಬರುತ್ತಿದ್ದರು, ಮನೆಯವರೆಲ್ಲರ ಕ್ಷೇಮ ವಿಚಾರಿಸುತ್ತಿದ್ದರು. ಹಂಗು ಬೇಡ ಎಂದು ಹೇಳಿಕೊಡುವ ನಾಡಿನಲ್ಲಿ ನಾವು ಊರೂರಿನ ಹಂಗಿನ ಮೇಲೆ ಗಾಡಿ ಓಡಿಸುತ್ತಿದ್ದೆವು.

ಈ ಕಾರಿನಿಂದ ನಿಜವಾಗಿ ನೊಂದವಳು ಗಿರಿಜಕ್ಕ, ನನ್ನ ಅಕ್ಕ. ಐವತ್ತು ವರ್ಷಗಳ ಕೆಳಗೆ ಅವಳ ಮದುವೆಯಾದಾಗ, ದಿಬ್ಬಣದ ಬಸ್ಸು ಮುಂದೆ ಹೋಗಲಿ, ಮದುಮಕ್ಕಳು ನನ್ನ ಕಾರಿನಲ್ಲೇ ಗಂಡಿನ ಊರಾದ ಕುಣಿಗಲ್ಲಿಗೆ ಹೋಗಲಿ ಎಂದು ಅಪ್ಪ ಹಟ ಹಿಡಿದ. ಭಾವನಿಗೆ ಡ್ರೈವಿಂಗ್ ಬರುತ್ತಿತ್ತು. ಹೆಬ್ಬೂರಿನಲ್ಲಿ ಕಾರು ಕುದ್ದು ನಿಂತಿತು, ಡಬ್ಬಿ ಖಾಲಿಯಾಗಿತ್ತು. ಹೊಸ ರೇಷ್ಮೆ ಪಂಚೆಯಲ್ಲಿದ್ದ ಭಾವ ಕಾರು ಕಾಯುತ್ತೇನೆಂದು ಕುಳಿತರು. ಧಾರೆ ಸೀರೆಯ ಮದುಮಗಳು ಯಾರದೋ ಮನೆಯ ಬಿಂದಿಗೆ ಕೇಳಿ, ಬಾವಿಯಿಂದ ನೀರು ಸೇದಿ ಹೊತ್ತು ತಂದಳು. ಅಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. "ನಮ್ಮವಳು ಮದ್ವೆ ದಿನಾನೇ ನನಗೆ ನೀರು ಹೊತ್ತವಳು ಕಣ್ರಪ್ಪಾ" ಎಂದು ಭಾವ ಅದನ್ನು ನಾಮಕರಣ, ಗೃಹಪ್ರವೇಶ, ಬೀಗರೂಟ ಯಾವುದನ್ನೂ ಬಿಡದೆ ಹೇಳಿ ಜನರನ್ನು ನಗಿಸಿದರು. ಅಕ್ಕನೂ ನಗುತ್ತಿದ್ದಳು. ಆ ನಗು ಹಲ್ಲಿನಿಂದ ಈಚೆಗಿನದು ಎಂದು ನನಗೆ ತಿಳಿದದ್ದು ಈ ವರ್ಷವೇ, ನನ್ನ ಮೊಮ್ಮಗಳ ನಾಮಕರಣದಲ್ಲಿ. ಭಾವ ಅದೇ ಕಥೆ ಹೇಳಿ ಬಸ್ಸು ಹತ್ತಿ ಊರಿಗೆ ಹೋದ ಮೇಲೆ, ಕೆಲವು ದಿನಕ್ಕೆಂದು ನಮ್ಮಲ್ಲೇ ಉಳಿದ ಅಕ್ಕ ಹಿತ್ತಲಿಗೆ ಬಂದು, "ಒಂದೇ ಒಂದ್ಸಲ ಆ ಕಾರು ಹೆಬ್ಬೂರಲ್ಲಿ ನಿಲ್ದೆ ಹೋಗ್ಬೇಕು ಕಣೋ. ಅದರಲ್ಲಿ ನಾನು ಕೂತಿರ್ಬೇಕು. ಸಾಯೋದ್ರೊಳಗೆ ಆ ಮನುಷ್ಯನ ಬಾಯಿ ಮುಚ್ಚಿಸ್ಬೇಕು" ಎಂದಳು. ಅವಳ ಕಣ್ಣು ತುಂಬಿತ್ತು. ಇಷ್ಟು ವರ್ಷ ನಾನೂ ಆ ಕಥೆಗೆ ನಕ್ಕವನೇ, ನಾಚಿಕೆಯಾಯಿತು.

ಐಟಿಐಯಲ್ಲಿ ಮೋಟಾರು ಪಾಠ ಹೇಳಿ ನಿವೃತ್ತನಾದವನು ನಾನು. ಮದ್ದೇನೆಂದು ಗೊತ್ತಿತ್ತು, ಅಪ್ಪನ ಕಾರಿಗೆ ಕೈಹಚ್ಚುವ ಮನಸ್ಸಿರಲಿಲ್ಲ, ಅಷ್ಟೆ. ನೀರು ಕುದಿಯುವುದಕ್ಕೆ ಶಾಖವೊಂದೇ ಕಾರಣವಲ್ಲ, ಮೇಲಿನ ಒತ್ತಡ ಕಡಿಮೆಯಿರುವುದೂ ಕಾರಣ. ಸಮುದ್ರಕ್ಕಿಂತ ಅಷ್ಟು ಎತ್ತರದ ನಮ್ಮ ಸೀಮೆಯಲ್ಲಂತೂ ನೀರಿಗೆ ನೂರು ಡಿಗ್ರಿಯವರೆಗೆ ಕಾಯುವ ವ್ಯವಧಾನವೂ ಇಲ್ಲ. ಬಾಯಿ ಬಿಗಿದು ಒತ್ತಡದಲ್ಲಿಟ್ಟರೆ ಅದೇ ನೀರು ಇನ್ನಷ್ಟು ಶಾಖವನ್ನು ಕುದಿಯದೆ ತಡೆದುಕೊಳ್ಳುತ್ತದೆ. ಅಡುಗೆಮನೆಯ ಕುಕ್ಕರಿನ ನ್ಯಾಯ.

ತುಮಕೂರಿನಲ್ಲಿ ರೇಡಿಯೇಟರ್ ಕೆಲಸ ಮಾಡುವ ಬಾಷಾ ಸಾಬರ ಹತ್ತಿರ ಹೋದೆ. ಅವರು ರೇಡಿಯೇಟರನ್ನು ಬಿಚ್ಚಿ, ಮಗುವಿನ ಬೆನ್ನು ಸವರಿದಂತೆ ಸವರಿ, "ಮೇಷ್ಟ್ರೇ, ಇದು ಎಪ್ಪತ್ತು ವರ್ಷ ಬಾಯಿ ಬಿಟ್ಕೊಂಡು ಬದುಕಿರೋ ಜೀವ. ಈಗ ಏಕ್‌ದಂ ಬಾಯಿ ಕಟ್ಟಿದ್ರೆ ಹೊಟ್ಟೆ ಒಡ್ಕೊಳ್ಳುತ್ತೆ" ಎಂದರು. ಮಾತು ಸರಿಯಾಗಿತ್ತು, ಹಳೆಯ ಬೆಸುಗೆ ಹೆಚ್ಚು ಒತ್ತಡ ತಡೆಯದು. ಕಡಿಮೆ ಒತ್ತಡದ, ನಾಲ್ಕು ಪೌಂಡಿನ ಕ್ಯಾಪೇ ಸಾಕೆಂದು ಒಪ್ಪಂದವಾಯಿತು. ಸಾಬರು ನೀರು ಸುರಿಯುವ ಬಾಯಿಯ ಹಳೆಯ ಕೊರಳನ್ನು ಕಾಯಿಸಿ ಬಿಡಿಸಿ, ಸ್ಪ್ರಿಂಗ್ ಕ್ಯಾಪು ಕೂರುವ ಹಿತ್ತಾಳೆಯ ಹೊಸ ಕೊರಳನ್ನು ಬೆಸೆದರು. ಬಾಯಿ ತೆರೆದಿದ್ದ ಕೊಳವೆಯನ್ನು ಮುಚ್ಚಿ, ಕ್ಯಾಪಿನ ಪಕ್ಕದಿಂದ ಇನ್ನೊಂದು ಕೊಳವೆಯೆಳೆದು, ಉಕ್ಕಿದ ನೀರು ತಂಗಿದ್ದು ತಣ್ಣಗಾದ ಮೇಲೆ ಹಿಂದಿರುಗುವಂತೆ ಒಂದು ಬಾಟಲಿ ಕೂರಿಸಿದರು. ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹೊಡೆದಾಗ ಕೆಳಗಿನ ಅಂಚಿನಲ್ಲಿ ಗುಳ್ಳೆ ಎದ್ದಿತು. ಮತ್ತೆ ಬೆಸುಗೆ, ಮತ್ತೆ ತೊಟ್ಟಿ. ಮೂರನೆಯ ಸಲ ನೀರು ಅಲುಗಲಿಲ್ಲ. "ಒಂದು ನೆನಪಿಟ್ಕೊಳಿ. ಬಿಸಿ ಇದ್ದಾಗ ಈ ಕ್ಯಾಪ್ ಮುಟ್ಬೇಡಿ, ಮುಖ ಬೆಂದ್‌ಹೋಗುತ್ತೆ. ಹಳೇ ಚಾಳಿ ಬುಡಿ" ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಡಬ್ಬಿಯನ್ನು ಮನೆಯಲ್ಲೇ ಬಿಟ್ಟೆ. ಇನ್ನು ಯಾರ ನೀರೂ ಬೇಕಿಲ್ಲ ಎಂದುಕೊಂಡಾಗ ಹೆಮ್ಮೆಯೇ ಆಯಿತು. ಜೊತೆಗೆ ಆ ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸುವುದಕ್ಕೆ ಇನ್ನು ನೆಪವಿಲ್ಲವಲ್ಲ ಎಂಬ ಸಣ್ಣ ಕಸಿವಿಸಿಯೂ ಆಗದಿರಲಿಲ್ಲ. ಸ್ವಾವಲಂಬನೆಯ ಸುಖವೇ ಹೀಗೆ, ಅರ್ಧ ಸಪ್ಪೆ.

ಅಕ್ಕನನ್ನು ಅದೇ ಕಾರಿನಲ್ಲಿ ಮನೆಗೆ ಬಿಡಲು ಹೊರಡುವ ಹಿಂದಿನ ದಿನ ಭಾವ ಫೋನು ಮಾಡಿ, "ಹೆಬ್ಬೂರಿಗೆ ಎಷ್ಟೊತ್ತಿಗೆ ಬರ್ತೀರಾ?" ಎಂದು ಕೇಳಿದರು. "ನಾವು ಹೆಬ್ಬೂರಿಗೆ ಬರ್ತಿಲ್ಲ ಕಣ್ರೀ, ಕುಣಿಗಲ್‌ಗೆ ಬರ್ತಿದೀವಿ. ಹನ್ನೊಂದಕ್ಕೆ ಅಲ್ಲಿರ್ತೀವಿ!" ಎಂದು ಅಕ್ಕ ಸಿಡುಕಿ ಫೋನು ಇಟ್ಟಳು.

ತುಮಕೂರು ದಾಟಿದ ಮೇಲೆ ಬಿಸಿಲೇರಿತು. ನೀರಿನ ಶಾಖ ತೋರಿಸುವ ಮುಳ್ಳು ಮೇಲೇರಿ ಕೆಂಪು ಗೆರೆಯ ಪಕ್ಕ ಬಂದು, ಅಲ್ಲೇ ನಿಂತಿತು. ಹಿಂದಿನ ಕಾಲವಾಗಿದ್ದರೆ ಇಷ್ಟರಲ್ಲಿ ಸೀಟಿ ಹೊಡೆದು, ಹಬೆಯುಗುಳಿ, ಊರೆಲ್ಲ ಸೇರಿಸಿರುತ್ತಿತ್ತು. ಹೆಬ್ಬೂರು ಹತ್ತಿರವಾದಂತೆ ಅಕ್ಕ ಸೆರಗನ್ನು ತಲೆಗೆ ಬಿಗಿದು, ಕಣ್ಣು ಮುಚ್ಚಿ, ಶಿವ ಶಿವಾ ಎನ್ನತೊಡಗಿದಳು. ನನಗೆ ಮುಳ್ಳಿನ ಮೇಲೇ ಕಣ್ಣು. ಬಸ್ಸು ನಿಲ್ಲುವಲ್ಲಿ ತಲೆಗೆ ಟವಲು ಸುತ್ತಿದ ಯಾರೋ ಮುದುಕ ಕೈಯೆತ್ತಿ ಬೀಸಿದ. ಹಳೆಯ ಕಾರಿಗೆ ಕೈ ಬೀಸುವವರು ದಾರಿಯುದ್ದಕ್ಕೂ ಇರುತ್ತಾರೆ; ಒಮ್ಮೆ ಹಾರನ್ ಬಾರಿಸಿ ಮುಂದೆ ಹೋದೆ. "ದಾಟಿದ್ವೇನೋ?" ಎಂದಳು ಅಕ್ಕ. ದಾಟಿದೆವು ಎಂದೆ. ಎಪ್ಪತ್ತೆರಡರ ಆ ಹೆಂಗಸು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದಳು. ಕುಣಿಗಲ್ಲಿನವರೆಗೂ ಅವಳ ಬಾಯಿ ನಿಲ್ಲಲಿಲ್ಲ. ಭಾವನಿಗೆ ಏನೇನು ಹೇಳಬೇಕೆಂಬುದನ್ನೆಲ್ಲ ನನ್ನ ಮುಂದೆ ಹೇಳಿ ಅಭ್ಯಾಸ ಮಾಡಿಕೊಂಡಳು.

ಮನೆಗೆ ಬೀಗ ಹಾಕಿತ್ತು. ಪಕ್ಕದ ಮನೆಯಾಕೆ ಹೊರಗೆ ಬಂದು, "ಯಜಮಾನ್ರು ಬೆಳಗ್ಗೇನೇ ಹೋದ್ರಲ್ಲಕ್ಕಾ. ಬಿಂದಿಗೆ ತಗೊಂಡು ಬಸ್ ಹತ್ತಿದ್ರು. ಎಲ್ಲಿಗೆ ಅಂದ್ರೆ, ಹೆಬ್ಬೂರಲ್ಲಿ ನಮ್ಮೋಳ ಕಾರು ಕುದಿಯುತ್ತೆ, ಈ ಸಲ ನೀರು ನಾನು ಹೊರ್ತೀನಿ ಅಂದ್ರು" ಎಂದರು.

ಅಕ್ಕ ಮೆಟ್ಟಿಲಿಳಿದು ಬಂದು ಮತ್ತೆ ಕಾರಿನಲ್ಲಿ ಕುಳಿತಳು. "ತಿರುಗಿಸೋ ಕಾರು" ಎಂದಳು. ದಾರಿಯಲ್ಲಿ ನಾನು ಹಾರನ್ ಹೊಡೆದು ಬಂದ ಆ ಮುದುಕನ ಸಂಗತಿಯನ್ನು ಹೇಳಿದಾಗ, "ಅಯ್ಯೋ ನಿನ್ನ!" ಎಂದು ನನ್ನ ಭುಜಕ್ಕೆ ಗುದ್ದಿದಳು.

ಭಾವ ಇನ್ನೂ ಅಲ್ಲೇ, ಮರದ ಕೆಳಗೆ ಬಿಂದಿಗೆಯನ್ನು ಮಗ್ಗುಲಲ್ಲಿ ಇಟ್ಟುಕೊಂಡು ಕುಳಿತಿದ್ದರು. ನಮ್ಮನ್ನು ಕಂಡು ಬಿಂದಿಗೆ ಹೆಗಲಿಗೇರಿಸಿ ಎದ್ದು, ನೇರ ಕಾರಿನ ಮುಂದಕ್ಕೆ ಬಂದು ಕ್ಯಾಪಿಗೆ ಕೈ ಚಾಚಿದರು. ನಾನು ಹಾರಿ ಆ ಕೈ ಹಿಡಿದೆ. "ಭಾವ, ಬಿಸಿ ಇದ್ದಾಗ ಮುಟ್ಟಂಗಿಲ್ಲ. ಇದಕ್ಕೆ ಈಗ ನೀರು ಬೇಕಾಗಿಲ್ಲ."

"ಬೇಕಾಗಿಲ್ವಾ?" ಎಂದರು. ಹೆಗಲು ನೆನೆದು ಅಂಗಿ ಮೈಗೆ ಅಂಟಿತ್ತು. ಎಪ್ಪತ್ತೆಂಟರ ಭಾವ ಅಷ್ಟು ಪೆಚ್ಚಾದದ್ದನ್ನು ನಾನು ನೋಡಿದ್ದೇ ಇಲ್ಲ. "ಐವತ್ತು ವರ್ಷಕ್ಕೆ ಒಂದ್ಸಲ ಹೊರೋಣ ಅಂತ ಬಂದ್ರೆ, ಅದಕ್ಕೂ ಮುಚ್ಚಳ ಹಾಕ್ಬಿಟ್ಯಲ್ಲಯ್ಯಾ."

ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಮಾತುಗಳನ್ನೆಲ್ಲ ಅಕ್ಕ ಸೀಟಿನಲ್ಲೇ ಬಿಟ್ಟಳು. ಕಾರಿನಿಂದಿಳಿದು ಅವರ ಎದುರು ಬೊಗಸೆಯೊಡ್ಡಿ ನಿಂತಳು. "ನನಗೆ ಬಾಯಾರಿದೆ ಕಣ್ರೀ, ಹುಯ್ರಿ" ಎಂದಳು.